ಖಾಲಿ ಎಂದ ಮನೆ

ಗಂಡ ತೀರಿಕೊಂಡ ಮೇಲೂ ನೀಲಾಂಬಿಕೆಯ ವಠಾರದ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದವನು, ಗಂಡನ ಕಾಲದಿಂದಲೂ ಸಂಬಳಕ್ಕಿದ್ದ ದ್ಯಾಮಪ್ಪನೇ. ಈಗ ಹೊರಗಿನ ಏಜೆನ್ಸಿಯೊಂದು ಆ ಕೆಲಸವನ್ನು ತನಗೆ ಒಪ್ಪಿಸಿ ಎಂದು ಬೆನ್ನುಬಿದ್ದಿತ್ತು. ಅದರ ಮ್ಯಾನೇಜರ್ ಎಲ್ಲ ಮನೆಗಳನ್ನೂ ನೋಡಿ ಬಂದು ಹೇಳಿದ:

"ಮೇಡಂ, ಹಿಂದಿನ ಮೂಲಿ ಮನಿ ಸೋರತೈತಿ, ಖಾಲಿ ಐತಿ ಅಂತಾರಲ್ರಿ ನಿಮ್ಮ ದ್ಯಾಮಪ್ಪ, ಅದರೊಳಗಿಂದ ಒಗ್ಗರಣಿ ವಾಸನಿ ಬರಾಕತ್ತಿತ್ತು."

ಆಕೆಗೂ ಬಹಳ ದಿನಗಳಿಂದ ಅನುಮಾನವಿತ್ತು. ಆ ಮನೆಯ ರಿಪೇರಿಯ ವಿಷಯ ಎತ್ತಿದಾಗಲೆಲ್ಲ ದ್ಯಾಮಪ್ಪ ಬೇರೆ ಮಾತಿಗೆ ಹೊರಳುತ್ತಿದ್ದ. ಮರುದಿನ ಬೆಳಿಗ್ಗೆ ಆಕೆ ಯಾರಿಗೂ ಹೇಳದೆ ನೇರವಾಗಿ ಅಲ್ಲಿಗೇ ಹೋದಳು. ಅದು ಹೇಗೋ ಗೊತ್ತಾಗಿ ದ್ಯಾಮಪ್ಪ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ.

"ಒಳಗ ಯಾರನ್ನ ಇಟ್ಟೀ?"

ಅವನು ತಲೆ ತಗ್ಗಿಸಿದ.

"ಉಂಡ ಮನಿಗೆ ಎರಡು ಬಗದೆಲ್ಲೋ. ನಿನ್ನ ನಂಬಿ ನಾ ಒಂದಿನಾನೂ ಈ ಕಡೆ ಹಾಯಲಿಲ್ಲ."

"ತಪ್ಪಾತ್ರಿ ಅಕ್ಕಾರ. ಇವತ್ತ ಕೆಲಸ ಬಿಡತೀನಿ, ಎಲ್ಲಾ ಏಜೆನ್ಸಿಯವರಿಗೇ ಕೊಡ್ರಿ. ಇದೊಂದು ಬಾಗಲಾ ಮಾತ್ರ ತಗಸಬ್ಯಾಡ್ರಿ."

"ಸರಿ ಆ ಕಡೆ."

ಅವನನ್ನು ಬದಿಗೆ ಸರಿಸಿ ಆಕೆ ಬಾಗಿಲು ಬಡಿದಳು. ತೆರೆದದ್ದು ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಹೆಂಗಸು. ಅವಳು ನೀಲಾಂಬಿಕೆಯನ್ನು ಕಂಡದ್ದೇ ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದಳು. ಎದುರಿನ ಗೋಡೆಯ ಮೇಲೆ, ಅಂದೇ ಮಲ್ಲಿಗೆ ಮಾಲೆ ಹಾಕಿದ್ದ ಫೋಟೊದಲ್ಲಿ, ನೀಲಾಂಬಿಕೆಯ ಗಂಡ ನಗುತ್ತಿದ್ದ.