ಕಾಶಿನಾಥನ ಕಿವಿ

ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ ಟ್ರಕ್ಕಿನ ಮುಂದಿನ ಗಾಲಿ ತಿರುಗುವಾಗ, ನಡುರಾತ್ರಿಯ ಗ್ಯಾರೇಜಿನಲ್ಲಿ ಕಿರ್ರೆಂದು ಸಣ್ಣ ಸದ್ದಾಯಿತು. ದೀಪ ಹಿಡಿದು ನಿಂತಿದ್ದ ಕಸ್ತೂರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಹೊಸ ಬೇರಿಂಗ್ ಕೂಡಿಸಿದ್ದ ಅವಳ ಗಂಡ ಕಾಶಿನಾಥ ಎಂದಿನಂತೆ ಸ್ಕ್ರೂಡ್ರೈವರಿನ ತುದಿಯನ್ನು ಗಾಲಿಯ ಅಚ್ಚಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸಿದ. “ಸದ್ದಽ ಇಲ್ಲ. ಚಲೋ ಕುಂತೈತಿ,” ಎಂದ.

ಕೊಣ್ಣೂರಿನ ಸುತ್ತಲಿನವರು ಗಾಡಿ ತರುತ್ತಿದ್ದುದೇ ಆ ಕಿವಿಯನ್ನು ನಂಬಿ. ಈ ಟ್ರಕ್ಕಿನ ಡ್ರೈವರ್ ಅಸ್ಫಾಕ ಹೊರಗೆ ಕಟ್ಟೆಯ ಮೇಲೆ ಮಲಗಿದ್ದ. ಬೆಳಗಾದರೆ ಕಣಗಲಾ ದಾಟಿ ಹೆದ್ದಾರಿ ಹಿಡಿಯುವವನು. ಅಲ್ಲಿ ಗಾಲಿ ಜಾಮಾದರೆ?

“ರೀ, ಗ್ರೀಸ್ ತುಂಬೂವಾಗ ನನ್ನ ಕೈಯಾನ ಬಳಿ ಒಡೀತು. ಚೂರು ಒಳಗ ಬಿದ್ದಿರಬೇಕ್ರಿ,” ಎಂದು ಕಸ್ತೂರಿ ಸುಳ್ಳು ಹೇಳಿದಳು.

“ಬಳಿ ಹಾಕ್ಕೊಂಡ ಬರಾಕ ಇದೇನ ಲಗ್ನದ ಮನಿಯೇನ?” ಎಂದು ಗೊಣಗುತ್ತ, ಅವನು ದಣಿದ ಕೈಯಿಂದಲೇ ಗಾಲಿಯ ನಡುವಿನ ಹಬ್ ಅನ್ನು ಮತ್ತೆ ಬಿಚ್ಚಿದ. ಗ್ರೀಸಿನಲ್ಲಿ ಬಳೆಯ ಚೂರಿರಲಿಲ್ಲ. ಉಸುಕಿನ ಎರಡು ಹರಳಿದ್ದವು. ಅವನ್ನು ಬೆರಳ ತುದಿಯಲ್ಲಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿದ. ಉಸುಕು ಸೇರಿದ ಬೇರಿಂಗ್ ಸದ್ದು ಮಾಡದೆ ಬಿಡುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನಿನಗ ಕೇಳಿಸಿತ್ತಲ್ಲ?” ಎಂದ ಮೆಲ್ಲಗೆ.

“ಏನ್ರಿ? ಗಾಲಿ ಸದ್ದು ನನಗೇನ ತಿಳೀತೈತ್ರಿ?” ಎನ್ನುತ್ತ ಕಸ್ತೂರಿ, ಬೇರಿಂಗ್ ತೊಳೆಯಲು ಡೀಸೆಲ್ಲಿನ ಬೋಗುಣಿಯನ್ನು ಅವನತ್ತ ಸರಿಸಿದಳು. ಇನ್ನು ಪ್ರತಿ ಗಾಲಿಗೂ ದೀಪ ಹಿಡಿಯಲು ತಾನೇ ಬರಬೇಕು. ಯಾಕೆಂದು ಮಾತ್ರ ಯಾರಿಗೂ, ಅವನಿಗೂ ಹೇಳಬಾರದು ಎಂದುಕೊಂಡಳು.