ಸಾರಮ್ಮನ ನಕ್ಷತ್ರ

ಉಪದೇಶಿ ದಾನಿಯೇಲಪ್ಪ ಜಗಲಿಯ ತೊಲೆಯಿಂದ ನಕ್ಷತ್ರವನ್ನು ಬಿಚ್ಚಿ ಇಳಿಸಿದರು. ಇಳಿಸುವಾಗ ಅದರ ಒಂದು ಮೂಲೆ ಹರಿಯಿತು. ಬಿದಿರ ಕಡ್ಡಿಗೆ ಕೆಂಪು ಕಾಗದ ಅಂಟಿಸಿ, ಒಳಗೊಂದು ಬಲ್ಬು ಇಟ್ಟು, ಹೋದ ಕ್ರಿಸ್ಮಸ್‌ಗೆ ಹೆಂಡತಿ ಸಾರಮ್ಮ ಕೈಯಾರೆ ಕಟ್ಟಿದ್ದು ಅದು. ಹಬ್ಬ ಕಳೆದು ತಿಂಗಳುಗಳಾದರೂ ಇಳಿಸಲು ಬಿಟ್ಟಿರಲಿಲ್ಲ. ಅವಳು ತೀರಿಕೊಂಡು ಇಂದಿಗೆ ಹನ್ನೆರಡು ದಿನ. ಮನೆ ತುಂಬ ನೆಂಟರಿದ್ದ ಅಷ್ಟೂ ದಿನ ಅದರ ಸ್ವಿಚ್ಚನ್ನು ಯಾರೂ ಮುಟ್ಟದೆ, ಹಗಲೂ ಇರುಳೂ ಉರಿದಿತ್ತು. ಈಗ ನೆಂಟರು ಹೋಗಿದ್ದರು, ಹಬ್ಬ ಹತ್ತಿರ ಬಂದಿತ್ತು. ಸಾವಾದ ಮನೆಯಲ್ಲಿ ಆ ವರ್ಷ ನಕ್ಷತ್ರ ಕಟ್ಟುವ ಪದ್ಧತಿಯಿಲ್ಲ.

ನಕ್ಷತ್ರವನ್ನು ಒಳಗಿಟ್ಟು ಬಂದು ಸಂಜೆಯ ಪ್ರಾರ್ಥನೆಗೆ ಕುಳಿತರು. ಪಕ್ಕದಲ್ಲಿ ಸಾರಮ್ಮನ ಕುರ್ಚಿ, ದಾರಿಯ ಕಡೆಗೆ ಮುಖ ಮಾಡಿಕೊಂಡು, ಬರಿದಾಗಿತ್ತು. ಪ್ರಾರ್ಥನೆಯ ಹೊತ್ತಿಗೂ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. “ದೇವರ ಮುಂದೆ ಕೂತು ದಾರಿ ನೋಡ್ತೀಯಲ್ಲ” ಎಂದು ಅವರು ಬಯ್ದರೆ, “ಕಣ್ಣು ತೆರೆದಿದ್ದರೂ ಅವನಿಗೆ ಕೇಳಿಸ್ತದೆ” ಎಂದು ನಗುತ್ತಿದ್ದಳು. ದಾನಿಯೇಲಪ್ಪ ಕಣ್ಣು ಮುಚ್ಚಿದರು. “ಕರ್ತನೇ, ಈ ಕತ್ತಲೆಯಲ್ಲಿ ನನಗೆ ನಿನ್ನ ಬೆಳಕನ್ನು ತೋರಿಸು.” ಹನ್ನೆರಡು ದಿನದಿಂದಲೂ ಇದೇ ಮಾತು. ಮುಂದಿನದು ಬಾಯಿಗೆ ಬರುತ್ತಿರಲಿಲ್ಲ.

“ಅಯ್ನೋರೇ! ನಕ್ಷತ್ರ ಎಲ್ಲಿ? ಯಾಕ್ ತಗದ್ಬುಟ್ರಿ?” ಹಿಂದಿನ ಬೀದಿಯ ಪುಟ್ಟಸಿದ್ದಮ್ಮ ಏದುಸಿರು ಬಿಡುತ್ತ ಅಂಗಳದಲ್ಲಿ ನಿಂತಿದ್ದಳು.

“ಈ ವರ್ಷ ನಮಗೆ ಹಬ್ಬವಿಲ್ಲ, ತಾಯಿ.”

“ಹಬ್ಬ ಇಲ್ದಿದ್ರೆ ಬುಡಿ. ನನ್ ಮಗ್ಳು ಶಿವರಂಜಿನಿ ಕೆಲ್ಸದಿಂದ ಇನ್ನೂ ಬರ್ನಿಲ್ಲ. ಗುಂಡ್ಲುಪೇಟೆ ಬಸ್ ಓಗಿ ಅರ್ಧ ಗಂಟೆ ಆಯ್ತು. ಸ್ಟಾಪಲ್ಲಿ ಟವರ್ ಸಿಕ್ಕಲ್ಲ. ನಕ್ಷತ್ರ ಕಾಣ್ನಿಲ್ಲ ಅಂತ ಅಲ್ಲೇ ನಿಂತವ್ಳೆ ಕಣಿ.”

“ನಕ್ಷತ್ರಕ್ಕೂ ನಿನ್ನ ಮಗಳಿಗೂ ಏನು ಸಂಬಂಧ?”

ಪುಟ್ಟಸಿದ್ದಮ್ಮ ಅವರನ್ನೇ ದಿಟ್ಟಿಸಿದಳು. “ಸಾರಮ್ಮಾರು ನಿಮ್ಗೆ ಏಳೇ ಇಲ್ವಾ? ಕೆರೆ ಏರಿ ಮ್ಯಾಲೆ ದೊಡ್ಡಮಲ್ಲಪ್ಪನ್ನ ಆನೆ ತುಳೀತಲ್ಲ, ಆಗ ಎಣ್ ಮಕ್ಳ ಕೆಲ್ಸ ಬುಡ್ಸನ ಅಂತಿದ್ದೋ. ಕಳ್ಸಿ, ನಾನ್ ನೋಡ್ಕತೀನಿ ಅಂದ್ರು. ಏರಿ ಕಾಣೋದು ಊರ್ಗೇ ನಿಮ್ ಜಗಲಿ ಒಂದ್ರಿಂದ. ದಾರೀಲಿ ಆನೆ ಇಲ್ದಿದ್ರೆ ನಕ್ಷತ್ರ ಉರೀತದೆ, ಇದ್ರೆ ಆರ್ತದೆ. ಈ ಹನ್ನೆರಡ್ ದಿನ ಸುಮ್ನೆ ಉರೀತಾನೇ ಇತ್ತು, ನಮ್ಗೂ ಗ್ಯಾನ ಇಲ್ಲ. ದೇವ್ರು ಮಾದಪ್ಪ ಕಾಪಾಡ್ದ.”

“ನನಗೆ ಯಾಕೆ ಹೇಳಲಿಲ್ಲ?”

“ಏಳುದ್ರೆ ಬಯ್ತಿದ್ರಿ, ದೇವ್ರ ನಕ್ಷತ್ರನ ಆನೆ ಕಾಯಕ್ಕೆ ಮಡಗಿದ್ದೀಯಾ ಅಂತ. ಪಕ್ಕದಲ್ಲೇ ಕೂತಿದ್ರಲ್ಲ, ಕಣ್ಮುಚ್ಕಂಡು! ನಿಮ್ಗೇನ್ ಕಂಡಾತು?”

ದಾನಿಯೇಲಪ್ಪ ಒಳಗೆ ಹೋಗಿ ನಕ್ಷತ್ರವನ್ನು ತಂದರು. ಸ್ಟೂಲು ಅಲುಗುತ್ತಿತ್ತು, ಪುಟ್ಟಸಿದ್ದಮ್ಮ ಹಿಡಿದುಕೊಂಡಳು. ದಾರ ಬಿಗಿದು, ಇಳಿದು, ಅವರು ಸ್ವಿಚ್ಚಿಗೆ ಕೈ ಹಾಕಿದರು. ಅವಳು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

“ತಡೀರಿ. ಮೊದ್ಲು ನೋಡಿ.”

ಮಬ್ಬಿನಲ್ಲಿ ಕೆರೆ ಏರಿ ಒಂದು ಗೆರೆಯಂತೆ ಕಾಣುತ್ತಿತ್ತು. ಅದರ ತುದಿಯಲ್ಲಿ ಒಂದು ಬಂಡೆ. ಅಲ್ಲಿ ಬಂಡೆ ಇದ್ದದ್ದು ಅವರಿಗೆ ನೆನಪಿರಲಿಲ್ಲ. ನೋಡುತ್ತಿದ್ದಂತೆ ಬಂಡೆ ಕಿವಿ ಬೀಸಿತು.

“ಮಗ್ಳು ನಿಂತು ನಿಂತು ಸಾಕಾಗಿ ಬಂದ್ಬುಟ್ರೆ, ಅಯ್ನೋರೇ?” ಪುಟ್ಟಸಿದ್ದಮ್ಮನ ದನಿ ಉಡುಗಿತ್ತು.

“ಬರೋದಿಲ್ಲ. ಸಾರಮ್ಮನ ಮೇಲೆ ಅವಳಿಗೆ ನಂಬಿಕೆ ಇದೆ.” ಅವರಿಗೆ ಕಣ್ಣು ಮುಚ್ಚಿ ಬೇಡಿಕೊಳ್ಳಬೇಕೆನ್ನಿಸಿತು. ರೆಪ್ಪೆ ಮುಚ್ಚಿದರೆ ಆನೆ ಎತ್ತ ಹೋಯಿತೆಂದು ತಿಳಿಯುವುದಿಲ್ಲ. ತೆರೆದೇ ಇಟ್ಟರು. ಆನೆ ಅವಸರವಿಲ್ಲದೆ ನೀರು ಕುಡಿಯಿತು, ತಿರುಗಿತು, ಲಾಂಟಾನ ಪೊದೆಗಳನ್ನು ಸರಿಸಿಕೊಂಡು ಕಾಡಿನ ಕಡೆಗೆ ನಡೆಯಿತು. ಪೊದೆಗಳ ಅಲುಗಾಟ ನಿಂತು, ಏರಿಯಾಚೆ ಬೊಗಳುತ್ತಿದ್ದ ನಾಯಿಗಳೂ ಸುಮ್ಮನಾಗುವವರೆಗೆ ಅವರು ಕಾದರು. ಆಮೇಲೆ ಸ್ವಿಚ್ಚು ಒತ್ತಿದರು.

ಕೆಂಪು ಬೆಳಕು ಅಂಗಳಕ್ಕೆ ಬಿತ್ತು. ಹರಿದ ಮೂಲೆಯಿಂದ ಮಾತ್ರ ಬಿಳಿಯ ಬೆಳಕು. ಸ್ವಲ್ಪ ಹೊತ್ತಿನಲ್ಲಿ ದೂರದ ಬಸ್ ಸ್ಟಾಪಿನ ಹತ್ತಿರ ಮೊಬೈಲಿನ ದೀಪವೊಂದು ಹೊತ್ತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಐದು ದೀಪಗಳು ಸಾಲಾಗಿ ಏರಿಯ ಮೇಲೆ ಬರತೊಡಗಿದವು. ನಡುವೆ ಯಾರೋ ಹುಡುಗಿ ನಕ್ಕದ್ದೂ ಗಾಳಿಯಲ್ಲಿ ಕೇಳಿಸಿತು.

“ನಗ್ತಾವ್ಳೆ ನೋಡಿ, ನನ್ ಜೀವ ತಗದು!” ಎನ್ನುತ್ತ ಪುಟ್ಟಸಿದ್ದಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡು ದಾರಿಗಿಳಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ನಾಳೀಕೆ, ಅಯ್ನೋರೇ?”

“ನಾಳೆಯೂ ಇರ್ತದೆ, ಹೋಗು.”

ದಾನಿಯೇಲಪ್ಪ ತಮ್ಮ ಕುರ್ಚಿಯನ್ನು ಬಿಟ್ಟು ಸಾರಮ್ಮನ ಕುರ್ಚಿಯಲ್ಲಿ ಕುಳಿತರು. ಅಲ್ಲಿಂದ ಸ್ವಿಚ್ಚು ಸರಿಯಾಗಿ ಕೈಗೆಟುಕುತ್ತಿತ್ತು. ಅರ್ಧಕ್ಕೆ ನಿಂತಿದ್ದ ಪ್ರಾರ್ಥನೆಯನ್ನು ಅವರು ಮುಂದುವರಿಸಿದರು, ಕಣ್ಣು ತೆರೆದುಕೊಂಡೇ.