ಕೆಂಪಿನ ಕೆಳಗಿನ ನೀಲಿ

ತೂಕ ಹಾಕಲು ಎತ್ತಿಕೊಂಡ ಹಂದಿಮರಿಯ ಬೆನ್ನನ್ನು ಸೊಸೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಕೆಸರಿನ ಜೊತೆ ಕೆಂಪು ಬಣ್ಣವೂ ಕಿತ್ತು ಬಂತು. ಅದರಡಿ ನೀಲಿ ಇತ್ತು. ಆಂಟಿಬಯಾಟಿಕ್ ತಿನ್ನುವ ಮರಿಗಳಿಗೆ ಕೆಂಪು, ಅದರ ಬದಲು ಬೆಳ್ಳುಳ್ಳಿ ಪುಡಿ ತಿನ್ನುವ ಮರಿಗಳಿಗೆ ನೀಲಿ ಎಂದು ಗುರುತು ಹಾಕಿ ಎರಡನ್ನೂ ಹೋಲಿಸಿ ನೋಡುತ್ತಿದ್ದವಳು ಅವಳೇ. ಎರಡು ತಿಂಗಳಲ್ಲಿ ನೀಲಿ ದೊಡ್ಡಿಯ ಒಂದು ಮರಿಯೂ ಸತ್ತಿರಲಿಲ್ಲ.

"ಅತ್ತೆ, ಇದೇನಿದು?"

ಅತ್ತೆ ಮೇವಿನ ಬಕೆಟ್ ಕೆಳಗಿಟ್ಟರು. "ನೀಲಿ ಮರಿಗಳು ಭೇದಿ ಹತ್ತಿ ಕಣ್ಣೆದುರೇ ಸಾಯೋ ಹಾಗಾಗಿದ್ವು ಕಣೇ. ನೋಡ್ಕೊಂಡು ಕಲ್ಲಿನ ಹಾಗೆ ನಿಂತ್ಕೋಬೇಕಿತ್ತಾ? ಔಷಧಿ ದೊಡ್ಡಿಗೆ ಬಿಟ್ಟು ಕೆಂಪು ಬಳಿದೆ. ಬದಲಿಗೆ ಅಲ್ಲಿಂದ ಒಂದೊಂದು ಗಟ್ಟಿಮರಿ ತಂದು ನೀಲಿ ಬಳಿದೆ. ನಿನ್ನ ಲೆಕ್ಕ ತಪ್ಪಬಾರದಲ್ಲ."

"ಎಷ್ಟು ಮರಿ?"

"ಯಾರಿಗೆ ನೆನಪಿದೆ? ಒಂದೂ ಸಾಯಲಿಲ್ಲ ತಾನೇ?"

ಸೊಸೆಯ ಮಾತು ನಂಬಿ ಅವಳ ಅಣ್ಣ ಕಳೆದ ವಾರವಷ್ಟೇ ತನ್ನ ಇನ್ನೂರು ಮರಿಗಳಿಗೂ ಔಷಧಿ ನಿಲ್ಲಿಸಿ ಬೆಳ್ಳುಳ್ಳಿ ಶುರು ಮಾಡಿದ್ದ. ಮರಿಯನ್ನು ಕಂಕುಳಲ್ಲೇ ಒತ್ತಿಕೊಂಡು ಅವನಿಗೆ ಫೋನ್ ಮಾಡಿದಳು.

ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಶುರುಮಾಡಿದ. "ನಿಂಗೇ ಮಾಡ್ಬೇಕು ಅಂತಿದ್ದೆ ಪುಟ್ಟಿ. ಬೆಳಗ್ಗೆಯಿಂದ ಹದಿನೇಳು ಹೋದ್ವು, ಉಳಿದವೂ ಏಳ್ತಿಲ್ಲ. ಬೆಳ್ಳುಳ್ಳಿ ಇನ್ನೊಂದು ಹಿಡಿ ಜಾಸ್ತಿ ಹಾಕ್ಲಾ?"